ನೆರಳು ಹಿಡಿಯುವ ವಿದ್ಯೆ

ಛಾಯಾಗ್ರಹಣ ಎಂದರೆ ನೆರಳನ್ನು ಹಿಡಿಯುವುದು. ಕಪ್ಪು-ಬಿಳುಪಿನಲ್ಲಿ ಮನುಷ್ಯನ ಆಕೃತಿಯನ್ನು ಹಿಡಿಯುವವರಿಗೆ ಈ ಹೆಸರು ಅಕ್ಷರಶಃ ಒಪ್ಪುತ್ತದೆ. ಎದುರಿನ ಬೆಳಕು ಮುಖವನ್ನು ಚಪ್ಪಟೆ ಮಾಡುತ್ತದೆ. ಪಕ್ಕದಿಂದ ಬಿದ್ದರೆ ಕೆನ್ನೆಯ ಉಬ್ಬು, ಕಣ್ಣಿನ ಗುಳಿ, ಕೊರಳ ತಿರುವು ಎದ್ದು ಕಾಣುತ್ತವೆ. ಬೆನ್ನ ಹಿಂದಿನಿಂದ ಬಂದರೆ ದೇಹದ ಅಂಚಷ್ಟೇ ಹೊಳೆದು ಉಳಿದದ್ದು ಕತ್ತಲಾಗುತ್ತದೆ. ವಿದ್ಯುತ್ ದೀಪ ಬರುವ ಮುನ್ನ ಸ್ಟುಡಿಯೊಗಳು ಉತ್ತರ ದಿಕ್ಕಿಗೆ ಗಾಜಿನ ಮಾಡು ಇಳಿಸಿ, ಪರದೆ ಸರಿಸಿ ಬೆಳಕನ್ನು ಹದ ಮಾಡುತ್ತಿದ್ದವು.

ಈ ವಿದ್ಯೆಗೆ ಕರ್ನಾಟಕದಲ್ಲಿ ತರಗತಿ ಸಿಕ್ಕಿದ್ದು ಬೆಂಗಳೂರಿನಲ್ಲಿ. 1943ರಲ್ಲಿ ಆರಂಭವಾದ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಮುಂದೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಆಯಿತು, ಜನರ ಬಾಯಲ್ಲಿ ಎಸ್‌ಜೆಪಿ. ಅಲ್ಲಿ 1946ರಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿದವರು ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಪಿಟೀಲು ಬಲ್ಲವರು, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು. ಮುಂಬೈಯಲ್ಲಿ ಛಾಯಾಗ್ರಾಹಕ ಫಲಿ ಮಿಸ್ತ್ರಿ ಅವರ ಕೈಕೆಳಗೆ ಪಳಗಿ, 1952ರ ‘ಜಾಲ್’ನಿಂದ ನಟ-ನಿರ್ದೇಶಕ ಗುರುದತ್ತರ ಛಾಯಾಗ್ರಾಹಕರಾದರು. ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ.

ಇವರಿಬ್ಬರ 1957ರ ‘ಪ್ಯಾಸಾ’ದಲ್ಲಿ, ಸತ್ತನೆಂದು ಎಲ್ಲರೂ ನಂಬಿದ ಕವಿ ತನ್ನದೇ ಸಂಸ್ಮರಣಾ ಸಭೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಬೆಳಕೆಲ್ಲ ಅವನ ಹಿಂದೆ. ಎರಡೂ ಕೈ ಚಾಚಿದ ಕಪ್ಪು ಆಕೃತಿ ಶಿಲುಬೆಗೇರಿದವನಂತೆ ಕಾಣುತ್ತದೆ. ಮುಖ ಕಾಣದಿದ್ದರೂ ಸಂಕಟ ಕಾಣುತ್ತದೆ, ನೆರಳಿನ ಬಲವೇ ಅದು.

1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಖಾಲಿ ಸ್ಟುಡಿಯೊದೊಳಗೆ ಕಂಬದಂಥ ಬೆಳಕೊಂದು ಓರೆಯಾಗಿ ಇಳಿಯುತ್ತದೆ. ಸ್ಟುಡಿಯೊ ದೀಪಗಳ ಬೆಳಕು ದೂರ ಹೋದಂತೆ ಹರಡುತ್ತದೆ. ಸೂರ್ಯನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗುತ್ತವೆ. ಮೂರ್ತಿ ಬಳಸಿದ್ದು ಸೂರ್ಯನನ್ನೇ. ಹೊರಗೆ ಒಂದು ದೊಡ್ಡ ಕನ್ನಡಿ ಬಿಸಿಲನ್ನು ಹಿಡಿದು ಒಳಗಿನ ಇನ್ನೊಂದು ಕನ್ನಡಿಗೆ ಕೊಟ್ಟಿತು, ಅದು ನೆಲಕ್ಕೆ ತಿರುಗಿಸಿತು. ಬಿಸಿಲು ಸರಿದಂತೆ ಕನ್ನಡಿಯನ್ನೂ ಸರಿಸದಿದ್ದರೆ ಕಿರಣ ಜಾಗ ಬಿಡುತ್ತದೆ. ಗಾಳಿಯಲ್ಲಿ ಹೊಗೆಯೋ ಧೂಳೋ ಇದ್ದಾಗಲೇ ಇಂಥ ಬೆಳಕಿನ ಕೋಲು ಕಣ್ಣಿಗೆ ಬೀಳುವುದು. ವಹೀದಾ ರೆಹಮಾನ್, ಗುರುದತ್ ಇಬ್ಬರೂ ನಿಂತಲ್ಲೇ ನಿಂತಿರುತ್ತಾರೆ. ಅವರ ದೇಹಗಳಿಂದ ತೆಳುವಾದ ರೂಪಗಳು ಹೊರಟು ಆ ಬೆಳಕಿನಲ್ಲಿ ಒಂದಾಗುತ್ತವೆ. ಚಿತ್ರ ಸೋತಿತು, ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ನ ಒಂದು ನೃತ್ಯದ ಹಾಡಿನಲ್ಲಿ ಇದಕ್ಕೆ ತಿರುವುಮುರುವು. ನಟಿ ಮಿನೂ ಮುಮ್ತಾಜ್ ಮೇಲೆ ಮಾತ್ರ ಬೆಳಕು, ಸುತ್ತ ಕುಣಿಯುವ ನರ್ತಕಿಯರೆಲ್ಲ ಹಾಡಿನುದ್ದಕ್ಕೂ ನೆರಳಿನಲ್ಲಿ. ಮುಖಗಳಿಲ್ಲ, ಸೊಂಟದ ಬಾಗು ಮತ್ತು ಕೈಗಳ ಚಲನೆಯಷ್ಟೇ. ಬೆಳಕನ್ನು ಒಬ್ಬಳ ಮೇಲೆ ಚೆಲ್ಲುವುದು ಸುಲಭ. ಒಂದು ಅಡಿ ಆಚೆ ಹೋಗದಂತೆ ಕತ್ತರಿಸುವುದು ಕಷ್ಟ. ಸೆಟ್ಟಿನಲ್ಲಿ ಆ ಕೆಲಸಕ್ಕೆ ದೀಪದ ಮುಂದೆ ನಿಲ್ಲಿಸುವ ಕಪ್ಪು ಅಡ್ಡಪಟ್ಟಿಗೆ ಕಟರ್ ಎನ್ನುತ್ತಾರೆ.

ಕನ್ನಡದ ತೆರೆಯಲ್ಲಿ ನೆರಳು ಬೇರೆ ದಾರಿ ಹಿಡಿಯಿತು. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ಕ್ಕೆ 1970ರಲ್ಲಿ ಆಸ್ಟ್ರೇಲಿಯಾದ ಟಾಮ್ ಕೋವನ್ ಕ್ಯಾಮೆರಾ ಹಿಡಿದರು. ಶೃಂಗೇರಿ ಸೀಮೆಯ ನಿಜವಾದ ಮನೆಗಳು, ಜಗಲಿಗಳೇ ಅಲ್ಲಿ ಸೆಟ್ಟು. ಮಲೆನಾಡಿನ ಮನೆಯ ಒಳಗತ್ತಲನ್ನು ದೀಪ ಹಾಕಿ ಓಡಿಸದೆ ಹಾಗೇ ಉಳಿಸಿಕೊಂಡದ್ದು ದೊಡ್ಡ ತಿಳಿವಳಿಕೆ. ಕೋವನ್ ಅವರಿಗೆ ಸಹಾಯಕರಾಗಿದ್ದ ಎಸ್. ರಾಮಚಂದ್ರ ಅದನ್ನು 1977ರ ‘ಘಟಶ್ರಾದ್ಧ’ಕ್ಕೆ ಒಯ್ದರು. ಮೂರ್ತಿಯವರ ನೆರಳಿನಲ್ಲಿ ಸೊಬಗಿದ್ದರೆ ಇವರದರಲ್ಲಿ ಭಯವಿದೆ.

ಎಸ್‌ಜೆಪಿಯಿಂದಲೇ 1962ರಲ್ಲಿ ಹೊರಬಂದ ಗೋವಿಂದ ನಿಹಲಾನಿ ಮೂರ್ತಿಯವರ ಸಹಾಯಕರಾದರು. ಶಿಷ್ಯ ನಿರ್ದೇಶಿಸಿದ ‘ತಮಸ್’ಗೆ ಗುರುವೇ ಕ್ಯಾಮೆರಾ ಹಿಡಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಅದುವರೆಗೆ ಯಾವ ಛಾಯಾಗ್ರಾಹಕರಿಗೂ ಅದು ಸಿಕ್ಕಿರಲಿಲ್ಲ. 2014ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.