ಲಿವರ್ ಸ್ಕ್ಯಾನಿಂಗಿಗೆ ಇಂಜೆಕ್ಷನ್ ಯಾಕೆ?

"ಸ್ಕ್ಯಾನಿಂಗ್ ಅಂದ್ರೆ ಒಳಗಿನದೆಲ್ಲ ಕಾಣುತ್ತಲ್ಲ, ಮತ್ತೆ ಈ ಇಂಜೆಕ್ಷನ್ ಯಾಕೆ?" ಸಿದ್ದಾಪುರದಿಂದ ಮೈಸೂರಿಗೆ ಹೋಗಿ ಲಿವರಿನ ಎಂಆರ್‌ಐ ಮಾಡಿಸಿಕೊಂಡು ಬಂದ ಪರಿಚಯದವರೊಬ್ಬರು ಹೀಗೆ ಕೇಳಿದರು. ವರ್ಷಗಳಿಂದ ಹೆಪಟೈಟಿಸ್ ಬಿ ಇರುವವರು. ಅಲ್ಟ್ರಾಸೌಂಡಿನಲ್ಲಿ ಸಣ್ಣದೊಂದು ಗಂಟು ಕಂಡಿತ್ತು. ಅವರಿಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ...

ಆ ಇಂಜೆಕ್ಷನ್ನಿನಲ್ಲಿರುವ ಲೋಹದ ಹೆಸರು ಗ್ಯಾಡೋಲಿನಿಯಮ್. ಸ್ವೀಡನ್ನಿನ ಇಟ್ಟರ್ಬಿ ಎಂಬ ಹಳ್ಳಿಯ ಕಪ್ಪು ಕಲ್ಲೊಂದನ್ನು 1794ರಲ್ಲಿ ಪರೀಕ್ಷಿಸಿದ ಯೋಹಾನ್ ಗ್ಯಾಡೋಲಿನ್‌ನ ನೆನಪಿಗೆ ಬಂದ ಹೆಸರು. ಲೋಹ ಪತ್ತೆಯಾದದ್ದು 1880ರಲ್ಲಿ. ಆಮೇಲೆ ನೂರು ವರ್ಷ ವೈದ್ಯರಿಗೂ ಇದಕ್ಕೂ ಅಷ್ಟೇನೂ ಸಂಬಂಧವಿರಲಿಲ್ಲ!

1973ರಲ್ಲಿ ಪಾಲ್ ಲಾಟರ್ಬರ್ ಕಾಂತಕ್ಷೇತ್ರದಿಂದ ಚಿತ್ರ ತೆಗೆಯುವ ದಾರಿ ತೋರಿಸಿದ (ಇದಕ್ಕೆ ನೊಬೆಲ್ ಬರಲು 2003ರವರೆಗೆ ಕಾಯಬೇಕಾಯಿತು, ಪೀಟರ್ ಮ್ಯಾನ್ಸ್‌ಫೀಲ್ಡ್ ಜೊತೆ). ಎಂಆರ್‌ಐ ನೋಡುವುದು ಮುಖ್ಯವಾಗಿ ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ನನ್ನು. ಗ್ಯಾಡೋಲಿನಿಯಮ್ ಹತ್ತಿರವಿದ್ದರೆ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ತೊಂದರೆ ಏನೆಂದರೆ ಬಿಡಿ ಗ್ಯಾಡೋಲಿನಿಯಮ್ ವಿಷ. ಬರ್ಲಿನ್ನಿನ ಶೇರಿಂಗ್ ಕಂಪನಿಯಲ್ಲಿ ಹಾನ್ಸ್ ಯೋಆಖಿಮ್ ವೈನ್‌ಮನ್ ಮತ್ತು ಸಂಗಡಿಗರು ಅದನ್ನು ಇನ್ನೊಂದು ಅಣುವಿನೊಳಗೆ ಬಂಧಿಸಿ, ಮೂತ್ರದಲ್ಲಿ ಹೊರಹೋಗುವ ಹಾಗೆ ಮಾಡಿದರು. 1988ರಲ್ಲಿ ಅದು ಮ್ಯಾಗ್ನೆವಿಸ್ಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಈಗ ಲಿವರಿಗೆ ಬರೋಣ, ನನಗೆ ತುಂಬ ಇಷ್ಟವಾದ ಭಾಗ ಇದೇ. ಒಂದು ತೋಟಕ್ಕೆ ಹೊಳೆಯಿಂದ ಒಂದು ಪೈಪು, ಕೆರೆಯಿಂದ ಇನ್ನೊಂದು ಪೈಪು ಇದೆ ಅಂದುಕೊಳ್ಳಿ. ಲಿವರಿಗೂ ಹಾಗೇ ಎರಡು ಕಡೆಯಿಂದ ರಕ್ತ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ರಕ್ತನಾಳದಲ್ಲಿ, ಕಾಲು ಪಾಲು ಹೃದಯದಿಂದ ಬರುವ ಅಪಧಮನಿಯಲ್ಲಿ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಮಾತ್ರ ಬೆಳೆಯುತ್ತಾ ಬೆಳೆಯುತ್ತಾ ಅಪಧಮನಿಯ ಪೈಪನ್ನೇ ಹಿಡಿದು ಕುಡಿಯುತ್ತದೆ. ಇಂಜೆಕ್ಷನ್ ಕೊಟ್ಟ ಅರ್ಧ ನಿಮಿಷದ ಸುಮಾರಿಗೆ ಔಷಧಿ ಮೊದಲು ಅಪಧಮನಿಗೆ ಬರುವುದರಿಂದ ಗಂಟು ಹೊಳೆಯುತ್ತದೆ, ಸುತ್ತಲಿನ ಲಿವರ್ ಇನ್ನೂ ಮಂಕು. ಒಂದೆರಡು ನಿಮಿಷದಲ್ಲಿ ಲೆಕ್ಕ ತಿರುಗುಮುರುಗು, ಲಿವರ್ ಬೆಳ್ಳಗೆ, ಗಂಟು ಕಪ್ಪಗೆ. ಉಸಿರು ಹಿಡಿಸಿ ಮತ್ತೆ ಮತ್ತೆ ಚಿತ್ರ ತೆಗೆಯುವುದು ಈ ಬದಲಾವಣೆ ಹಿಡಿಯಲಿಕ್ಕೆ.

ಇದರಿಂದ ಆದ ದೊಡ್ಡ ಉಪಕಾರ ಸೂಜಿ ತಪ್ಪಿದ್ದು. ಲಿವರಿನ ಗಂಟಿಗೆ ಸೂಜಿ ಚುಚ್ಚಿ ಚೂರು ತೆಗೆದರೆ ರಕ್ತ ಸುರಿಯುವ ಭಯ, ಅಪರೂಪಕ್ಕೆ ಸೂಜಿಯ ದಾರಿಯಲ್ಲೇ ಕ್ಯಾನ್ಸರ್ ಹರಡುವ ಭಯ. 2000ದಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಯುರೋಪಿನ ಲಿವರ್ ತಜ್ಞರು, ಸಿರೋಸಿಸ್ ಇರುವವರಲ್ಲಿ ಸೂಜಿ ಇಲ್ಲದೆ ಚಿತ್ರದಿಂದಲೂ ರೋಗ ನಿರ್ಧರಿಸಬಹುದೆಂದು ಒಪ್ಪಿದರು. ಎಲ್ಲರಿಗೂ ಅಲ್ಲ. ಸಿರೋಸಿಸ್ಸೋ ಹಳೆಯ ಹೆಪಟೈಟಿಸ್ ಬಿಯೋ ಇರುವವರಲ್ಲಿ ಮಾತ್ರ ಈ ಗುರುತನ್ನು ಇಷ್ಟು ಗಟ್ಟಿಯಾಗಿ ನಂಬಬಹುದು.

2004ರಲ್ಲಿ ಯುರೋಪಿಗೆ ಬಂದ ಪ್ರಿಮೋವಿಸ್ಟ್ ಇನ್ನೂ ಜಾಣ. ಅದರಲ್ಲಿ ಸುಮಾರು ಅರ್ಧದಷ್ಟನ್ನು ಲಿವರಿನ ಜೀವಕೋಶಗಳೇ ಹೀರಿ ಪಿತ್ತಕ್ಕೆ ಬಿಡುತ್ತವೆ. ಇಪ್ಪತ್ತು ನಿಮಿಷದ ಮೇಲೆ ಆರೋಗ್ಯದ ಲಿವರ್ ಬೆಳಗುತ್ತದೆ. ಹೀರುವ ಕೆಲಸ ಮರೆತ ಕ್ಯಾನ್ಸರ್ ಹೆಚ್ಚಾಗಿ ಕಪ್ಪಾಗಿ ಉಳಿಯುತ್ತದೆ, ಒಂದು ಸೆಂಟಿಮೀಟರಿನ ಆಸುಪಾಸಿನದೂ ಎಷ್ಟೋ ಸಲ ಸಿಕ್ಕಿಬೀಳುತ್ತದೆ.

ಅಂದ ಹಾಗೆ, ಕಿಡ್ನಿ ಕೆಟ್ಟಿದ್ದರೆ ಮೊದಲೇ ಹೇಳಬೇಕು. ಕಿಡ್ನಿ ತೀರಾ ಸೋತವರಲ್ಲಿ ಹಳೆಯ ಕೆಲವು ಗ್ಯಾಡೋಲಿನಿಯಮ್ ಔಷಧಿಗಳಿಂದ ಚರ್ಮ ಕಲ್ಲಿನ ಹಾಗೆ ಬಿಗಿಯುವ ಕಾಯಿಲೆ ಬರುತ್ತದೆಂದು 2006ರಲ್ಲಿ ಗೊತ್ತಾಯಿತು. ನಮ್ಮ ಪರಿಚಯದವರಿಗೆ ರಕ್ತಪರೀಕ್ಷೆ ಮೊದಲು ಮಾಡಿಸಿದ್ದು ಅದಕ್ಕೇ. ಅವರ ಗಂಟು ಹೊಳೆಯಲೂ ಇಲ್ಲ, ಕಪ್ಪಾಗಲೂ ಇಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ.