ಹತ್ತು ನೇಕಾರರು, ಒಂದೇ ಮಗ್ಗ

ಶಾಲೆಗೆ ಸೇರಿದ ದಿನದಿಂದ ಪದವಿ ಪಡೆಯುವವರೆಗೂ ವಿದ್ಯಾರ್ಥಿಯ ಕಿವಿಗೆ ಬೀಳುವ ಎಚ್ಚರಿಕೆ ಒಂದೇ: ಪಕ್ಕದವನ ಉತ್ತರಪತ್ರಿಕೆ ನೋಡಬೇಡ. ಪರೀಕ್ಷೆಯೂ ಒಬ್ಬನದು, ಅಂಕವೂ ಒಬ್ಬನದು. ಆದರೆ ಕೆಲಸಕ್ಕೆ ಸೇರಿದ ಮರುದಿನದಿಂದಲೇ ಪಕ್ಕದವನ ಕೆಲಸ ನೋಡದೆ ಒಂದು ಹೆಜ್ಜೆಯನ್ನೂ ಇಡಲಾಗದು. ಈ ಎರಡು ಲೋಕಗಳ ನಡುವೆ ಕಟ್ಟಿದ ಸೇತುವೆಯೇ ಗಣಕ ವಿಭಾಗಗಳಲ್ಲಿ ಈಗ ಸಾಮಾನ್ಯವಾಗಿರುವ ತಂಡ ಯೋಜನೆ. ನಾಲ್ಕೈದು ಮಂದಿ ಸೇರಿ, ಯಾರಿಗಾದರೂ ನಿಜವಾಗಿ ಉಪಯೋಗವಾಗುವ ಒಂದು ತಂತ್ರಾಂಶವನ್ನು ಅವಧಿಯೊಳಗೆ ರೂಪಿಸಬೇಕು. ಇದರ ಹಿಂದೆ ದುಬಾರಿ ಅನುಭವವೊಂದರ ಕಥೆಯಿದೆ.

1964ರ ಏಪ್ರಿಲ್ 7ರಂದು ಅಮೆರಿಕದ ಐಬಿಎಂ ಸಂಸ್ಥೆ ಸಿಸ್ಟಂ/360 ಎಂಬ ಗಣಕ ಸರಣಿಯನ್ನು ಪ್ರಕಟಿಸಿತು. ಯಂತ್ರಗಳು ಹೆಸರು ಮಾಡಿದವು. ಆದರೆ ಅವನ್ನು ನಡೆಸಬೇಕಾದ ಓಎಸ್/360 ಎಂಬ ತಂತ್ರಾಂಶ ತಡವಾಯಿತು. ವೆಚ್ಚ ಅಂದಾಜನ್ನು ಹಲವು ಪಟ್ಟು ಮೀರಿತು. ಕೆಲಸ ಜೋರಾಗಿದ್ದಾಗ ಒಂದು ಸಾವಿರಕ್ಕೂ ಹೆಚ್ಚು ಮಂದಿ ಅದರಲ್ಲಿ ತೊಡಗಿದ್ದರು. ಅದರ ಹೊಣೆ ಹೊತ್ತಿದ್ದವರು ಫ್ರೆಡರಿಕ್ ಬ್ರೂಕ್ಸ್ (1931–2022).

ಹನಿ ಹನಿಗೂಡಿದರೆ ಹಳ್ಳ ಎಂಬುದು ನಮ್ಮ ಗಾದೆ. ಅದು ನೀರಿಗೆ ಸರಿ, ತಂತ್ರಾಂಶಕ್ಕೆ ಅಲ್ಲ. ಹತ್ತು ನೇಕಾರರಿಗೆ ಹತ್ತು ಮಗ್ಗ ಕೊಟ್ಟರೆ ಹತ್ತು ಸೀರೆ ಬಂದೀತು. ಹತ್ತು ಮಂದಿಯನ್ನೂ ಒಂದೇ ಮಗ್ಗಕ್ಕೆ ಕೂರಿಸಿದರೆ ಒಂದು ಸೀರೆಯೂ ಬೇಗ ಮುಗಿಯದು. ತಂತ್ರಾಂಶದ ಪ್ರತಿಯೊಂದು ಭಾಗವೂ ಮತ್ತೊಂದಕ್ಕೆ ಹೆಣೆದುಕೊಂಡಿರುತ್ತದೆ. ಆದ್ದರಿಂದ ಬರೆಯುವವರು ಒಬ್ಬರೊಡನೊಬ್ಬರು ಮಾತಾಡಲೇಬೇಕು. ನಾಲ್ವರಿದ್ದರೆ ಇಬ್ಬಿಬ್ಬರ ನಡುವಿನ ಸಂಬಂಧಗಳು ಆರು. ಹತ್ತು ಮಂದಿಗೆ 45. ನೂರು ಮಂದಿಗೆ 4,950! ತಡವಾದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬ ಬ್ರೂಕ್ಸ್ ನಿಯಮ ಹುಟ್ಟಿದ್ದು ಹೀಗೆ. 1975ರಲ್ಲಿ ಬಂದ ಅವರ ‘ದಿ ಮಿಥಿಕಲ್ ಮ್ಯಾನ್-ಮಂತ್’ ಗ್ರಂಥ ಇದನ್ನು ಜಗತ್ತಿಗೆ ತಿಳಿಸಿತು.

ಈ ಸಂಕಟ ಒಂದೇ ಸಂಸ್ಥೆಯದಾಗಿರಲಿಲ್ಲ. 1968ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೊ ವಿಜ್ಞಾನ ಸಮಿತಿ ಕರೆದ ಸಭೆಯಲ್ಲಿ 11 ದೇಶಗಳ ಸುಮಾರು 50 ತಜ್ಞರು ತಂತ್ರಾಂಶದ ಬಿಕ್ಕಟ್ಟನ್ನು ಚರ್ಚಿಸಿದರು. ಸೇತುವೆ ಕಟ್ಟುವವರಿಗೆ ಇರುವಂಥ ಶಿಸ್ತು ತಂತ್ರಾಂಶ ಬರೆಯುವವರಿಗೂ ಬೇಕು ಎಂಬ ಆಶಯದಿಂದ ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರನ್ನೇ ಸಭೆಗೆ ಇಡಲಾಗಿತ್ತು. ಆದರೆ ಆ ಶಿಸ್ತನ್ನು ಕಲಿಸುವುದು ಹೇಗೆ? ಈಜನ್ನು ಕರಿಹಲಗೆಯ ಮೇಲೆ ಕಲಿಸಲಾದೀತೆ?

ಬ್ರೂಕ್ಸ್ 1964ರಲ್ಲೇ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಗಣಕ ವಿಜ್ಞಾನ ವಿಭಾಗ ಸ್ಥಾಪಿಸಿದ್ದರು. ಅಲ್ಲಿ ಅವರು ತಂತ್ರಾಂಶ ಪ್ರಯೋಗಾಲಯದ ಪಾಠವನ್ನು 20ಕ್ಕೂ ಹೆಚ್ಚು ಬಾರಿ ನಡೆಸಿದರು. ತಂಡದಲ್ಲಿ ನಾಲ್ವರೇ ಇದ್ದರೂ ಒಬ್ಬ ವ್ಯವಸ್ಥಾಪಕ, ಬೇರೊಬ್ಬ ವಿನ್ಯಾಸಕಾರ ಇರಲೇಬೇಕೆಂಬುದು ಅವರು ಅನುಭವದಿಂದ ಮಾಡಿಕೊಂಡ ಕಟ್ಟಳೆ. ಎಲ್ಲವನ್ನೂ ಒಮ್ಮೆಲೇ ಕಟ್ಟುವ ಬದಲು, ಮೊದಲು ಪುಟ್ಟದೊಂದನ್ನು ನಡೆಯುವಂತೆ ಮಾಡಿ, ಸಸಿಯಂತೆ ಬೆಳೆಸಬೇಕೆಂದೂ ಅವರು ತಂಡಗಳಿಗೆ ಹೇಳುತ್ತಿದ್ದರು. ತೆರೆಯ ಮೇಲೆ ಮೊದಲ ಚಿತ್ರ ಮೂಡಿದೊಡನೆ ವಿದ್ಯಾರ್ಥಿಗಳ ಉತ್ಸಾಹ ಇಮ್ಮಡಿಸುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದರು.

ಗಣಕ ವಿಜ್ಞಾನಿ ಎಂದರೆ ಇತರರಿಗೆ ಹತ್ಯಾರ ಮಾಡಿಕೊಡುವ ಕಮ್ಮಾರ ಎಂಬುದು ಬ್ರೂಕ್ಸ್ ಅವರ ಇನ್ನೊಂದು ನಿಲುವು. ಕುಡುಗೋಲು ಹೇಗಿದೆ ಎಂದು ಹೇಳಬೇಕಾದವನು ರೈತ, ಕಮ್ಮಾರನಲ್ಲ. 1970ರ ದಶಕದಲ್ಲಿ ಅವರ ವಿಭಾಗ ಪ್ರೋಟೀನ್ ಅಣುಗಳ ರಚನೆಯನ್ನು ತೆರೆಯ ಮೇಲೆ ತೋರಿಸುವ ‘ಗ್ರಿಪ್’ ವ್ಯವಸ್ಥೆಯನ್ನು ಜೀವರಸಾಯನ ವಿಜ್ಞಾನಿಗಳ ಜೊತೆಗೂಡಿಯೇ ರೂಪಿಸಿತು. ಗಣಕವನ್ನು ಇತರ ವಿಜ್ಞಾನಗಳಿಗೆ ಅನ್ವಯಿಸುವವರು ಪರರ ಭಾಷೆಯನ್ನೂ ಕಲಿಯಬೇಕು ಎಂಬುದಕ್ಕೆ ಇದೇ ನಿದರ್ಶನ.

ಇಂಥ ಕಲಿಕೆಗೆ ನಮ್ಮಲ್ಲೂ ಉದಾಹರಣೆಯಿದೆ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ರೂಪಿಸಿದ, ಒಂದು ಕಿಲೋಗ್ರಾಂಗಿಂತ ಹಗುರವಾದ ‘ಸ್ಟಡ್‌ಸ್ಯಾಟ್’ ಉಪಗ್ರಹ 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ15ರಲ್ಲಿ ಮೇಲೇರಿತು. ವಿದ್ಯುತ್ತು, ಕ್ಯಾಮೆರಾ, ಸಂಪರ್ಕ, ತಂತ್ರಾಂಶ, ಇವುಗಳಲ್ಲಿ ಒಂದು ತಪ್ಪಿದರೂ ಉಳಿದವರ ಶ್ರಮ ವ್ಯರ್ಥ.

ಅಂಕದ ಪ್ರಶ್ನೆ ಮಾತ್ರ ಇಂದಿಗೂ ಅಧ್ಯಾಪಕರನ್ನು ಕಾಡುತ್ತದೆ. ಎಲ್ಲರಿಗೂ ಸಮನಾಗಿ ಕೊಟ್ಟರೆ ದುಡಿದವನಿಗೆ ಅನ್ಯಾಯ, ಬೇರೆ ಬೇರೆ ಕೊಟ್ಟರೆ ತಂಡದಲ್ಲಿ ಪೈಪೋಟಿ. ಕೆಲವೆಡೆ ಸಹಪಾಠಿಗಳೇ ಪರಸ್ಪರ ಮೌಲ್ಯಮಾಪನ ಮಾಡುವ ಪದ್ಧತಿಯಿದೆ. ಯಾವ ದಾರಿಯೂ ಪರಿಪೂರ್ಣವಲ್ಲ. ಆದರೂ ಗೆಳೆಯನ ತಪ್ಪನ್ನು ನೋಯಿಸದೆ ಹೇಳುವುದು, ತನ್ನ ತಪ್ಪನ್ನು ಮುಚ್ಚಿಡದೆ ಒಪ್ಪುವುದು, ಇವೆರಡನ್ನು ಕಲಿಸುವ ಬೇರೆ ಪಠ್ಯ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚೇನೂ ಇಲ್ಲ. ಸಾವಿರ ಮಂದಿಯ ಕೆಲಸದಲ್ಲಿ ಬ್ರೂಕ್ಸ್ ದುಬಾರಿ ಬೆಲೆ ತೆತ್ತು ಕಲಿತದ್ದನ್ನು ಇಂದಿನ ವಿದ್ಯಾರ್ಥಿ ನಾಲ್ವರ ತಂಡದಲ್ಲಿ, ಕೆಲವು ಅಂಕಗಳ ನಷ್ಟದಲ್ಲಿ ಕಲಿಯಬಹುದು. ಅದು ಅಗ್ಗದ ವ್ಯಾಪಾರವೇ ಸರಿ.