ಮಸಾಜ್ ಟೇಬಲ್ ಹತ್ತೋ ಮುಂಚೆ ಕೇಳೋ ಪ್ರಶ್ನೆಗಳ ಇತಿಹಾಸ

ಹಿಂಜೇವಾಡಿಯಲ್ಲೋ ಗಚ್ಚಿಬೌಲಿಯಲ್ಲೋ ವಾರವೆಲ್ಲಾ ಲ್ಯಾಪ್‌ಟಾಪ್ ಮುಂದೆ ಕೂತು, ಭಾನುವಾರ ಒಂದೇ ಸಲ ಹತ್ತು ಕಿಲೋಮೀಟರ್ ಓಡಿ, ಸೋಮವಾರ ಮೆಟ್ಟಿಲು ಇಳಿಯೋಕಾಗದೆ ಒದ್ದಾಡೋ ನಮ್ಮಂಥವರಿಗಾಗಿ ಇವತ್ತಿನ ಮಾತು.

ನಾನು ಮೊದಲ ಸಲ ಸ್ಪೋರ್ಟ್ಸ್ ಮಸಾಜ್‌ಗೆ ಹೋಗಿದ್ದು ಪುಣೆಯಲ್ಲಿ. ಅಲ್ಲಿವರೆಗೆ ನನಗಿದ್ದ ಅನುಭವ ದೀಪಾವಳಿಗೆ ಅಜ್ಜಿ ಎಣ್ಣೆ ಹಚ್ಚಿ ತಿಕ್ಕಿದ್ದು ಅಷ್ಟೇ. ಹೋದ ತಕ್ಷಣ ಮಲಗಿಸಿ ಒತ್ತುತ್ತಾರೆ ಅಂದ್ಕೊಂಡಿದ್ದೆ. ಅವರು ಕೂರಿಸಿ ಪ್ರಶ್ನೆ ಕೇಳೋಕೆ ಶುರು ಮಾಡಿದ್ರು. ನೋವು ಯಾವಾಗಿಂದ? ಕೈ ಜೋಮು ಹಿಡಿಯುತ್ತಾ? ರಕ್ತ ತೆಳುವಾಗಿಸೋ ಮಾತ್ರೆ ಏನಾದ್ರೂ ತಗೋತೀರಾ? ಕತ್ತು ತಿರುಗಿಸಿ ತೋರಿಸಿ. ಹತ್ತು ನಿಮಿಷ ಹೋಯ್ತು. ದುಡ್ಡು ಕೊಟ್ಟಿದ್ದು ಇದಕ್ಕಾ ಅಂತ ಒಳಗೊಳಗೇ ಸಿಟ್ಟು ಬಂತು. ಆಮೇಲೆ ಈ ವಿದ್ಯೆಯ ಇತಿಹಾಸ ಓದಿದಾಗ ಆ ಹತ್ತು ನಿಮಿಷದ ಬೆಲೆ ಗೊತ್ತಾಯ್ತು.

ಕಥೆಯಲ್ಲಿ ಮೊದಲು ಬರೋನು ನಮ್ಮ ಹಾಗೇ ಊರು ಬಿಟ್ಟವನು. 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್. ಐರ್ಲೆಂಡ್, ಲಂಡನ್ ಸುತ್ತಿ ಕೊನೆಗೆ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಹಬೆಸ್ನಾನದ ಮನೆ ನಡೆಸಿದ. ಮೈ ಒತ್ತುವ ನಮ್ಮ ‘ಚಂಪಿ’ಯನ್ನ ಅಲ್ಲಿ ‘ಶಾಂಪೂಯಿಂಗ್’ ಅಂದ್ರು. ಇವತ್ತು ತಲೆಗೆ ಹಾಕೋ ಶಾಂಪೂ ಹೆಸರಿನ ಬೇರೂ ಅದೇ. 4ನೇ ಜಾರ್ಜ್ ದೊರೆ ಅವನನ್ನ ಅರಮನೆಯ ಶಾಂಪೂಯಿಂಗ್ ಸರ್ಜನ್ ಮಾಡಿಕೊಂಡ. 1822ರಲ್ಲಿ ಪುಸ್ತಕವನ್ನೂ ಬರೆದ. ವಾತಕ್ಕೆ, ಪಾರ್ಶ್ವವಾಯುವಿಗೆ, ಉಬ್ಬಸಕ್ಕೆ, ಎಲ್ಲಕ್ಕೂ ಒಂದೇ ಮದ್ದು ಅನ್ನೋ ಭರವಸೆ ಅದರಲ್ಲಿತ್ತು. ಕೈಚಳಕ ಇದ್ದದ್ದು ನಿಜ. ಆದರೆ ಯಾವುದು ಗುಣ ಆಗುತ್ತೆ, ಯಾವುದು ಆಗಲ್ಲ ಅಂತ ಪರೀಕ್ಷೆ ಮಾಡೋ ಪದ್ಧತಿ ಆ ಕಾಲದಲ್ಲಿ ಇರಲಿಲ್ಲ.

ಅದೇ ಹೊತ್ತಿಗೆ, 1813ರಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಕತ್ತಿವರಸೆ ಕಲಿಸುತ್ತಿದ್ದ ಪೆರ್ ಹೆನ್ರಿಕ್ ಲಿಂಗ್ ಅಂಗಸಾಧನೆಯ ಸಂಸ್ಥೆ ತೆರೆದ. ವ್ಯಾಯಾಮ, ಕೈಚಿಕಿತ್ಸೆ ಎರಡನ್ನೂ ಪಾಠದ ಹಾಗೆ ಕಲಿಸೋದು ಅಲ್ಲಿ ಬೆಳೀತು. ಮುಂದೆ ಹಾಲೆಂಡಿನ ವೈದ್ಯ ಯೋಹಾನ್ ಮೆಟ್ಸ್‌ಗರ್ ನೀವೋದು, ಹಿಸುಕೋದು, ಉಜ್ಜೋದು, ತಟ್ಟೋದು ಅಂತ ವಿಂಗಡಿಸಿದ ಪಟ್ಟುಗಳು ಇವತ್ತಿಗೂ ಪಠ್ಯದಲ್ಲಿವೆ.

ಹೆಸರು ಬಂದ ಮೇಲೆ ನಕಲಿಯೂ ಬರುತ್ತಲ್ಲ! ಲಂಡನ್ನಿನಲ್ಲಿ ಮಸಾಜ್ ಮನೆಗಳು ಹುಟ್ಟಿಕೊಂಡ್ವು. ಅವುಗಳಲ್ಲಿ ಎಷ್ಟೋ ವೇಶ್ಯಾಗೃಹಗಳು ಅಂತ 1894ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಬರೀತು. ಪ್ರಾಮಾಣಿಕವಾಗಿ ಕೆಲಸ ಮಾಡ್ತಿದ್ದ ನರ್ಸ್‌ಗಳ ಮಾನವೇ ಬೀದಿಗೆ ಬಂತು. ಆಗ ರೊಸಾಲಿಂಡ್ ಪ್ಯಾಜೆಟ್, ಲೂಸಿ ರಾಬಿನ್ಸನ್ ಸೇರಿದ ಹಾಗೆ ನಾಲ್ಕು ಹೆಣ್ಣುಮಕ್ಕಳು ಅದೇ ವರ್ಷ ಒಂದು ಸಂಘ ಕಟ್ಟಿದ್ರು. ನಿಯಮ ಬಲು ಬಿಗಿ. ವೈದ್ಯರು ಹೇಳದೆ ಮಸಾಜ್ ಮಾಡೋ ಹಾಗಿಲ್ಲ. ವೈದ್ಯಕೀಯ ಪತ್ರಿಕೆ ಬಿಟ್ಟು ಬೇರೆಲ್ಲೂ ಜಾಹೀರಾತು ಕೊಡೋ ಹಾಗಿಲ್ಲ. ರೋಗಿಗೆ ಔಷಧಿ ಮಾರೋ ಹಾಗಿಲ್ಲ. ಮೊದಲ ಮಹಾಯುದ್ಧದಲ್ಲಿ ಗಾಯಾಳು ಸೈನಿಕರನ್ನ ನಡೆಸಿದ್ದು ಇಂಥ ಕೈಗಳೇ. 1920ರಲ್ಲಿ ಸಂಘಕ್ಕೆ ರಾಜಮುದ್ರೆ ಸಿಕ್ತು, 1944ರಲ್ಲಿ ಅದರ ಹೆಸರಿಗೆ ಫಿಸಿಯೋಥೆರಪಿ ಅನ್ನೋ ಪದ ಸೇರಿತು. ನಮ್ಮಲ್ಲಿ 1950ರ ದಶಕದ ಆರಂಭದಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಇದನ್ನ ಕಲಿಸೋ ಶಾಲೆ ಶುರುವಾಯ್ತು.

ಇನ್ನೊಂದು ಮುಖ್ಯ ಹೆಜ್ಜೆ ಇಟ್ಟೋರು ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲೆಂಡ್. ಕೀಲು ಅಲುಗಿಸೋ ಚಿಕಿತ್ಸೆಯಲ್ಲಿ ಎಷ್ಟು ಜೋರು, ಎಷ್ಟು ದೂರ ಅಂತ ದರ್ಜೆ ಹಾಕಿ, 1964ರಲ್ಲಿ ಬೆನ್ನುಮೂಳೆ ಬಗ್ಗೆ ಪುಸ್ತಕ ತಂದ್ರು. ಅವರ ಸೂತ್ರ ಸರಳ: ಪರೀಕ್ಷೆ ಮಾಡು, ಚಿಕಿತ್ಸೆ ಕೊಡು, ಮತ್ತೆ ಪರೀಕ್ಷೆ ಮಾಡು. ಕತ್ತು ತಿರುಗಿಸಿ ತೋರಿಸಿ ಅಂತ ನನಗೆ ಎರಡೆರಡು ಸಲ ಹೇಳಿದ್ದು ಅದಕ್ಕೇ.

ಹಾಗಾದ್ರೆ ನೀವು ಹೋದಾಗ ಏನು ನಿರೀಕ್ಷಿಸಬೇಕು? ಮೊದಲು ಪ್ರಶ್ನೆ, ಆಮೇಲೆ ಚಲನೆಯ ಪರೀಕ್ಷೆ. ಏನು ಮಾಡ್ತೀನಿ ಅಂತ ಹೇಳಿ, ನಿಮ್ಮ ಒಪ್ಪಿಗೆ ಕೇಳಬೇಕು. ಬೇಕಾದ ಭಾಗ ಬಿಟ್ಟು ಉಳಿದದ್ದು ಮುಚ್ಚಿರಬೇಕು. ನೀವು ಸಾಕು ಅಂದಾಗ ಕೈ ನಿಲ್ಲಬೇಕು. ನೋವಾದ್ರೇನೇ ಗುಣ ಅನ್ನೋದು ಸುಳ್ಳು. ಒಂದೆರಡು ದಿನ ಸ್ವಲ್ಪ ಮೈನೋವು ಇರಬಹುದು. ‘ಲ್ಯಾಕ್ಟಿಕ್ ಆಸಿಡ್ ತೆಗೀತೀವಿ’ ಅಂದ್ರೆ ನಂಬಬೇಡಿ, ಓಡಿದ ಒಂದೆರಡು ಗಂಟೆಯೊಳಗೆ ದೇಹವೇ ಅದನ್ನ ಖಾಲಿ ಮಾಡಿರುತ್ತೆ. ಮೈಕೈ ನೋವು ಒಂಚೂರು ಕಮ್ಮಿ ಆಗುತ್ತೆ, ಬಿಗಿ ಸಡಿಲ ಆಗುತ್ತೆ. ಉಳಿದ ಕೆಲಸ ಮನೆಗೆ ಕೊಟ್ಟು ಕಳಿಸೋ ವ್ಯಾಯಾಮದ್ದು.

ಕೈಕಾಲಲ್ಲಿ ಶಕ್ತಿ ಇಲ್ಲ, ಮೂತ್ರದ ಹಿಡಿತ ತಪ್ಪಿದೆ, ಬೆನ್ನುನೋವಿನ ಜೊತೆ ಜ್ವರ ಇದೆ, ಒಂದೇ ಮೀನಖಂಡ ಊದಿಕೊಂಡಿದೆ ಅಂದ್ರೆ ಮಸಾಜ್ ಬೇಡ, ನೇರ ಡಾಕ್ಟರ್ ಹತ್ರ ಓಡಿ.

ಏನೂ ಕೇಳದೆ ಒತ್ತೋಕೆ ಬರೋ ಕೈ ಕಂಡ್ರೆ ಎದ್ದು ಬನ್ನಿ. ಕೇಳಿಯೇ ಮುಟ್ಟಬೇಕು ಅನ್ನೋ ಶಿಸ್ತು ಎಷ್ಟೋ ಜನ ಹೋರಾಡಿ ನಮಗೆ ಉಳಿಸಿಕೊಟ್ಟದ್ದು. ಮತ್ತೆ ಸಿಗೋಣ.